ಹದಿನಾರು ಪದರ ಯಾರಿಗೋಸ್ಕರ?

ಬೆಬಿಂಕಾ ಗೊತ್ತಲ್ವಾ ಯೌವನಸ್ಥರೇ? ಗೋವಾದವರ ಕ್ರಿಸ್‌ಮಸ್ ಸಿಹಿ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ, ತುಪ್ಪ, ಚೂರು ಜಾಯಿಕಾಯಿ, ಅಷ್ಟೇ. ಕಷ್ಟ ಇರೋದು ಸಾಮಾನಿನಲ್ಲಲ್ಲ, ಕಾಯೋದರಲ್ಲಿ. ಒಂದು ಪದರ ಹುಯ್ದು, ಮೇಲಿನ ಶಾಖಕ್ಕೆ ಅದು ಕೆಂಪಗಾದ ಮೇಲೆ ತುಪ್ಪ ಸವರಿ ಮುಂದಿನದು ಹುಯ್ಯಬೇಕು. ಹೀಗೆ 7 ಪದರ, ಕೆಲವರು 16. ಹಿಂದೆ ಮುಚ್ಚಳದ ಮೇಲೆ ಕೆಂಡ ಇಡ್ತಿದ್ರು, ಈಗ ಓವನ್ ಇದೆ. ಆದರೂ ಅವಸರ ನಡೆಯಲ್ಲ. ಕೆಳಗಿನದು ಗಟ್ಟಿಯಾಗೋ ಮುಂಚೆ ಮೇಲಿನದು ಹುಯ್ದರೆ ಪದರಾನೇ ಉಳಿಯಲ್ಲ.

ಫೋನ್ ಒತ್ತಿದರೆ ಬಾಗಿಲಿಗೇ ಕೇಕ್ ಬರುವ ಊರಲ್ಲಿ ಇದೆಲ್ಲ ಯಾಕೆ? ಇದು ಸೋಮಾರಿಗಳ ಪ್ರಶ್ನೆ ಅಂತ ನಾನು ತಳ್ಳಿಹಾಕಲ್ಲ. ದುಡಿದು ದಣಿದವರು ಕೊಂಡು ತಂದದ್ದರಲ್ಲೂ ಪ್ರೀತಿ ಇದೆ. ಮನೆಯದ್ದೇ ರುಚಿ ಅಂತೀರಾ? ನಿಜ ಹೇಳ್ಲಾ, ಎಷ್ಟೋ ಸಲ ಬೇಕರಿಯದ್ದೇ ಚೆನ್ನಾಗಿರುತ್ತೆ! ಕೈಯಾರೆ ಮಾಡಿದ್ದರಲ್ಲಿ ಹೆಚ್ಚಿಗೆ ಇರೋದು ಒಂದೇ: ಮಾಡಿದವರ ಆಯುಷ್ಯದ ಒಂದು ಮಧ್ಯಾಹ್ನ. ಕೊಟ್ಟ ಮೇಲೆ ಅದು ವಾಪಸ್ ಬರಲ್ಲ.

ಅಪಾಯ ಇರೋದೂ ಅಲ್ಲೇ. "ಇಡೀ ದಿನ ಒಲೆ ಮುಂದೆ ನಿಂತಿದ್ದೀನಿ, ಒಂದೇ ತುಂಡಾ?" ಈ ಮಾತು ಬಾಯಿಗೆ ಬಂತೋ, ಕೊಟ್ಟ ಕಾಣಿಕೆ ಸಾಲದ ಚೀಟಿ ಆಯ್ತು. ನಮ್ಮ ಅಮ್ಮನಿಗೆ ಶುಗರ್ ಇದೆ. ಆದರೂ ಡಿಸೆಂಬರ್‌ನಲ್ಲಿ ಯಾವ ಮನೆಗೆ ಹೋದರೂ ದಾಕ್ಷಿಣ್ಯಕ್ಕೆ ತಿಂತಾರೆ, ಯಾಕಂದ್ರೆ ಅಷ್ಟು ಕಷ್ಟಪಟ್ಟು ಮಾಡಿದ್ದಾರಲ್ಲ. ಒಬ್ಬ ಆಂಟಿ ಮಾತ್ರ ಅವರಿಗೆ ಅಂತಲೇ ಒಂದು ಬಟ್ಟಲು ಹುರಿದ ಕಡಲೆಕಾಯಿ ಇಟ್ಟಿರ್ತಾರೆ. ಅದಕ್ಕೆ ಹತ್ತೇ ನಿಮಿಷ ಸಾಕು. ಹಾಗಾದರೆ ಹದಿನಾರು ಪದರಕ್ಕಿಂತ ಆ ಬಟ್ಟಲಲ್ಲಿ ಪ್ರೀತಿ ಕಮ್ಮಿಯಾ?

ಇನ್ನೊಂದು ಮಾತು. ಆದಿಕಾಂಡ 18 ತೆಗೆದು ನೋಡಿ. ಅಬ್ರಹಾಮ ಅತಿಥಿಗಳಿಗೆ ಸ್ವಲ್ಪ ರೊಟ್ಟಿ ತರ್ತೀನಿ ಅಂತಾನೆ. ಆಮೇಲೆ ಗುಡಾರದೊಳಗೆ ಓಡಿ ಸಾರಳಿಗೆ ಹೇಳೋದು, ಬೇಗ ಮೂರು ಸೆಯಾ ಹಿಟ್ಟು ನಾದು ಅಂತ! ಒಂದು ಸೆಯಾ ಅಂದ್ರೆ ಸುಮಾರು 7 ಲೀಟರ್ ಅಳತೆ. ಬಂದವರು ಮೂರೇ ಜನ. ಔದಾರ್ಯ ಅಂದ್ರೆ ಹಾಗಿರಬೇಕು, ಅದು ನನಗೂ ಇಷ್ಟ. ಆದರೆ ಅಷ್ಟು ಹಿಟ್ಟು ನಾದಿದ ಕೈ ಯಾರದ್ದು? ಅತಿಥಿಗಳ ಹತ್ತಿರ ಮರದ ಕೆಳಗೆ ನಿಂತಿದ್ದವನು ಯಾರು?

ಈ ಸಲ ಹಬ್ಬಕ್ಕೆ ನಿಮ್ಮನೇಲಿ ಕಲ್‌ಕಲ್ ಮಾಡ್ತಾರಲ್ವಾ? ಹಿಟ್ಟಿನ ಒಂದೊಂದೇ ಉಂಡೆಯನ್ನ ಫೋರ್ಕ್ ಮೇಲೆ ಒತ್ತಿ ಸುತ್ತಬೇಕು, ನೂರಾರು. ಆ ಸಂಜೆ ತಮ್ಮಂದಿರೇ, ನಿಮ್ಮ ಕೈ ಎಲ್ಲಿರುತ್ತೆ?