ಖಾಲಿ ಉತ್ತರದ ಹೊಣೆ

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದು ಕೇಳಿದ ದಿನವೇ ಮಾನ್ವಿ ಕಡೆಯ ರೈತ ನಾಟಿಗೆ ಆಳು ಕರೆಯುವುದಿಲ್ಲ. ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಬರಬೇಕು. ಅದಕ್ಕೇ ಕೆಳಭಾಗದವರು '69ನೇ ಮೈಲಿನಾಗ ಗೇಜ್ ಎಷ್ಟೈತಿ, 104ರಾಗ ಎಷ್ಟೈತಿ' ಎಂದು ವಿಚಾರಿಸುತ್ತಾರೆ. ಜಲಾಶಯದ ದಿನದ ಪಟ್ಟಿಯಲ್ಲಿ ಬರೆದ ಹೊರಹರಿವಿನ ಲೆಕ್ಕ ಸುಳ್ಳಲ್ಲ. ಆದರೆ ಆ ಲೆಕ್ಕ ತಮ್ಮ ಹೊಲದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಅವರು ಒಣಗಿದ ಸಸಿಮಡಿ ನೋಡಿ ಕಲಿತಿದ್ದಾರೆ.

ಹಾಗೆ ಕಲಿಯುವ ಅವಕಾಶವೇ ಇಲ್ಲದ ಒಬ್ಬ ಓದುಗ ಈಗ ನಮ್ಮ ನಡುವೆ ಬಂದಿದ್ದಾನೆ. ಅವನ ಹೆಸರು ಎಐ ಏಜೆಂಟ್. ಉದಾಹರಣೆಗೆ, 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ 2025ರಲ್ಲಿ 'ಕೈಟ್ ಎಂಸಿಪಿ' ಎಂಬ ಸೌಲಭ್ಯ ಕೊಟ್ಟಿತು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ, ಏಜೆಂಟುಗಳನ್ನು ಹೊರಗಿನ ಸಾಧನಗಳಿಗೆ ಜೋಡಿಸುವ ಎಂಸಿಪಿ ಪದ್ಧತಿಯನ್ನು ಅನುಸರಿಸಿದ ಈ ಸೌಲಭ್ಯದಿಂದ ಗ್ರಾಹಕನ ಅನುಮತಿ ಪಡೆದ ಏಜೆಂಟ್ ಅವನ ಖಾತೆಯಲ್ಲಿರುವ ಷೇರು, ಆರ್ಡರ್‌ಗಳನ್ನು ನೋಡಿ ಉತ್ತರ ಹೇಳಬಲ್ಲದು. ಏಜೆಂಟಿಗೆ ಈ ಸಾಧನಗಳ ಬಗ್ಗೆ ತಿಳಿಯುವುದು ಇಷ್ಟೇ: ಒಂದು ಹೆಸರು, ಏನೇನು ಮಾಹಿತಿ ಕೊಡಬೇಕೆಂಬ ಪಟ್ಟಿ, ನಾಲ್ಕಾರು ಸಾಲಿನ ವಿವರಣೆ. ಆ ಸಾಲುಗಳನ್ನು ಯಾರೋ ಒಬ್ಬರು ಕುಳಿತು ಬರೆದಿರುತ್ತಾರೆ. ಅವರ ಕೆಲಸವನ್ನು ನಾವು ತೀರ ಹಗುರವಾಗಿ ಎಣಿಸಿದ್ದೇವೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೊಪ್ಪಳದ ನಿವೃತ್ತ ಮಾಸ್ತರೊಬ್ಬರನ್ನು ಊಹಿಸಿಕೊಳ್ಳಿ. ಮಗ ಫೋನಿನಲ್ಲಿ ಎಲ್ಲ ಜೋಡಿಸಿಕೊಟ್ಟು ಹೋಗಿದ್ದಾನೆ. 'ನಿನ್ನೆ ಹಾಕಿದ ಆರ್ಡರ್ ಏನಾತು?' ಎಂದು ಅವರು ಕೇಳುತ್ತಾರೆ. ಏಜೆಂಟ್ ಆರ್ಡರ್ ಪುಸ್ತಕ ತೆಗೆದು ನೋಡುತ್ತದೆ. ಖಾಲಿ. 'ನಿಮ್ಮ ಯಾವ ಆರ್ಡರೂ ಇಲ್ಲ' ಎಂದು ವಿನಯದಿಂದ ಹೇಳುತ್ತದೆ. ಮಾಸ್ತರು ಮತ್ತೊಮ್ಮೆ ಕೊಳ್ಳುತ್ತಾರೆ. ಆದರೆ ಝೆರೋಧಾದ ವಹಿವಾಟು ವೇದಿಕೆ ಕೈಟ್‌ನಲ್ಲಿ ಆರ್ಡರ್ ಪುಸ್ತಕದ ಆಯಸ್ಸು ಒಂದೇ ದಿನ. ನಿನ್ನೆಯದನ್ನು ಕಾಂಟ್ರ್ಯಾಕ್ಟ್ ನೋಟ್‌ನಲ್ಲೋ ಹಳೆಯ ವಹಿವಾಟಿನ ವರದಿಯಲ್ಲೋ ಹುಡುಕಬೇಕು. ಇಲ್ಲಿ ಯಂತ್ರ ಕೆಟ್ಟಿಲ್ಲ, ದತ್ತಾಂಶವೂ ಸುಳ್ಳಾಗಿಲ್ಲ. 'ಇದು ಇವತ್ತಿನದನ್ನು ಮಾತ್ರ ತೋರಿಸುತ್ತದೆ' ಎಂಬ ಒಂದು ಸಾಲನ್ನು ಯಾರೂ ಬರೆದಿರದಿದ್ದರೆ ಮಾಸ್ತರ ದುಡ್ಡು ಎರಡು ಸಲ ಹೋಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು 'ಕ್ಯಾನ್ಸಲ್ಡ್' ಎಂಬ ಸ್ಥಿತಿ. ಮಾಸ್ತರು ನೂರು ಷೇರಿಗೆ ಬೆಲೆ ಕಟ್ಟಿ ಆರ್ಡರ್ ಹಾಕಿದರು ಎನ್ನಿ. ಮಧ್ಯಾಹ್ನ ಮೂರೂವರೆಗೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ನಲವತ್ತು ಸಿಕ್ಕಿವೆ, ಉಳಿದ ಅರವತ್ತು ರದ್ದಾಗಿವೆ. ಆರ್ಡರಿನ ಸ್ಥಿತಿ ಕ್ಯಾನ್ಸಲ್ಡ್ ಎಂದೇ ಇರುತ್ತದೆ. ಅಷ್ಟನ್ನೇ ಓದಿದ ಏಜೆಂಟ್ 'ರದ್ದಾಯಿತು' ಎನ್ನುತ್ತದೆ. ಆದರೆ ನಲವತ್ತು ಷೇರುಗಳು ಮಾಸ್ತರ ಪಾಲಿಗೆ ಬಂದಾಗಿವೆ, ಅವುಗಳ ಹಣ ಕಟ್ಟಲೇಬೇಕು. ಸ್ಥಿತಿಯ ಜೊತೆಗೆ ಸಿಕ್ಕ ಷೇರುಗಳ ಸಂಖ್ಯೆಯನ್ನೂ ಓದಿಯೇ ಉತ್ತರ ಹೇಳು ಎಂದು ಬರೆದವರು ಯಾರೋ, ಆ ಮನೆಯ ನೆಮ್ಮದಿ ಕಾಯ್ದವರು ಅವರು. 'ಕಂಪ್ಲೀಟ್' ಎಂದು ಬಂದರೂ ಷೇರು ಆಗಲೇ ಖಾತೆಗೆ ಬಂತೆಂದಲ್ಲ. 2023ರ ಜನವರಿಯಿಂದ ನಮ್ಮ ಷೇರುಪೇಟೆ ಪೂರ್ತಿಯಾಗಿ ಮರುದಿನದ ಲೆಕ್ಕಚುಕ್ತಾ ಪದ್ಧತಿಗೆ ಬಂದಿದೆ. ಇವತ್ತು ಕೊಂಡದ್ದು ಸಾಮಾನ್ಯವಾಗಿ ಡಿಮ್ಯಾಟ್ ಖಾತೆಗೆ ಮುಂದಿನ ಕೆಲಸದ ದಿನ ಸೇರುತ್ತದೆ.

ಇವೆಲ್ಲ ಗುಟ್ಟಿನ ಸಂಗತಿಗಳಲ್ಲ. ಆರ್ಡರ್ ಐಡಿ ಬಂದ ಮಾತ್ರಕ್ಕೆ ಖರೀದಿ ಆಯಿತೆಂದು ತಿಳಿಯಬೇಡಿ ಎಂದು ಝೆರೋಧಾದ ತಂತ್ರಾಂಶ-ಸಂಪರ್ಕ ಸೌಲಭ್ಯ ಕೈಟ್ ಕನೆಕ್ಟ್‌ನ ದಾಖಲೆ ಎಂಜಿನಿಯರುಗಳಿಗೆ ಹೇಳುತ್ತದೆ. ಎಂಜಿನಿಯರ್ ಆದವನಿಗೆ ಅನುಮಾನ ಬರುತ್ತದೆ, ಒಂದು ಷೇರು ಕೊಂಡು ಪರೀಕ್ಷಿಸುತ್ತಾನೆ, ಪಕ್ಕದವರನ್ನು ಕೇಳುತ್ತಾನೆ. ಏಜೆಂಟ್ ಮಾಸ್ತರ ಎದುರು ಆ ಕ್ಷಣವೇ ಉತ್ತರ ಕೊಡಬೇಕು, ಅದೂ ತನ್ನ ಮುಂದಿರುವ ನಾಲ್ಕು ಸಾಲಿನ ಆಧಾರದ ಮೇಲೆ. ಸಂಪರ್ಕ ಅರ್ಧದಲ್ಲಿ ಕಡಿದು ಉತ್ತರವೇ ಬಾರದಿದ್ದಾಗ ಏನು ಹೇಳಬೇಕು? 'ಆರ್ಡರ್ ಇಲ್ಲ' ಎನ್ನುವುದಕ್ಕೂ 'ನನಗೆ ಈಗ ಕಾಣುತ್ತಿಲ್ಲ' ಎನ್ನುವುದಕ್ಕೂ ನಡುವೆ ಒಬ್ಬರ ಉಳಿತಾಯ ನಿಂತಿದೆ. ಮತ್ತೆ ಆರ್ಡರ್ ಹಾಕುವ ಮೊದಲು ಪುಸ್ತಕ ನೋಡಬೇಕೆಂಬುದನ್ನೂ ಆ ವಿವರಣೆಯಲ್ಲೇ ಬರೆದಿರಬೇಕು.

ಏಜೆಂಟಿನ ಹಿಂದಿರುವ ಎಐ ಮಾದರಿ ತಪ್ಪು ಹೇಳಿದರೆ ಮಾದರಿಯದೇ ತಪ್ಪು ಎನ್ನುವ ಅಭ್ಯಾಸ ಬೆಳೆಯುತ್ತಿದೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೂ ಗೊತ್ತಿದ್ದ ಮಿತಿಯನ್ನು ಬರೆಯದೆ ಬಿಟ್ಟವನ ಮೌನವನ್ನು ನಾನು ಸುಳ್ಳಿನ ಪಕ್ಕದಲ್ಲೇ ಇಡುತ್ತೇನೆ. ಕೇಳಿದವನು ನಂಬುತ್ತಾನೆಂದು ಗೊತ್ತಿದ್ದೂ ಅರ್ಧ ಹೇಳುವುದನ್ನು ನಮ್ಮ ಹಳ್ಳಿಯ ಯಾವ ಕಟ್ಟೆಯ ಮೇಲೂ ಸತ್ಯವೆಂದು ಒಪ್ಪುವುದಿಲ್ಲ.

ವಿವರಣೆ ಉದ್ದವಾದರೆ ಪ್ರತಿ ಪದಕ್ಕೂ ಖರ್ಚು ಬೀಳುತ್ತದೆ, ಮಾದರಿಯ ಗಮನವೂ ಚದುರುತ್ತದೆ ಎಂಬ ತಕರಾರು ಇದೆ. ಅದರಲ್ಲಿ ಹುರುಳಿದೆ. ಹಾಗಿದ್ದರೆ ವಿವರಣೆ ಬರೆಯುವವರು 'ಸಮಗ್ರ', 'ತಕ್ಷಣದ', 'ಸುಲಭ' ಎಂಬ ಹೊಗಳಿಕೆಯ ಪದಗಳನ್ನು ಮೊದಲು ತೆಗೆಯಲಿ. ಆ ಜಾಗದಲ್ಲಿ ಹೀಗೆ ಬರೆಯಲಿ: 'ಇವತ್ತಿನ ಆರ್ಡರ್‌ಗಳು ಮಾತ್ರ. ಖಾಲಿ ಬಂದರೆ ಹಿಂದಿನ ದಿನಗಳ ಬಗ್ಗೆ ಏನೂ ತಿಳಿಯದು. ರದ್ದಾದ ಆರ್ಡರಿನಲ್ಲೂ ಕೊಂಡ ಷೇರು ಇರಬಹುದು, ಸಂಖ್ಯೆ ನೋಡಿ. ದೋಷ ಬಂದರೆ ಆರ್ಡರ್ ಇಲ್ಲವೆಂದು ಹೇಳಬೇಡಿ.' ಇಷ್ಟಕ್ಕೆ ಬೇಕಾಗುವುದು ನಾಲ್ಕೇ ಸಾಲು.