ಗುರಿಯಿಡುವ ಮುನ್ನ



ನವೆಂಬರ್ 3 ಸಂತ ಹ್ಯೂಬರ್ಟರ ಹಬ್ಬ. ಲೀಜ್ ನಗರದ ಧರ್ಮಾಧ್ಯಕ್ಷರಾಗಿದ್ದು 727ರಲ್ಲಿ ದೈವಾಧೀನರಾದ ಇವರು ಬೇಟೆಗಾರರ ಪಾಲಕ ಸಂತರು. ಯೌವನದಲ್ಲಿ ಅವರಿಗೆ ಬೇಟೆಯ ಹುಚ್ಚಿತ್ತೆಂದು ಐತಿಹ್ಯ ಹೇಳುತ್ತದೆ. ಒಂದು ಶುಭ ಶುಕ್ರವಾರ ಊರಿನವರೆಲ್ಲ ದೇವಾಲಯಕ್ಕೆ ಹೋದಾಗ ಇವರು ನಾಯಿಗಳೊಡನೆ ಕಾಡಿಗೆ ನಡೆದರು. ಬೆನ್ನಟ್ಟಿದ ಗಂಡುಜಿಂಕೆ ಥಟ್ಟನೆ ತಿರುಗಿ ನಿಂತಿತು. ಅದರ ಕೊಂಬುಗಳ ನಡುವೆ ಶಿಲುಬೆ ಬೆಳಗುತ್ತಿತ್ತು. ಹ್ಯೂಬರ್ಟ್ ಅಲ್ಲೇ ಮೊಣಕಾಲೂರಿದರು. ಅಲ್ಲಿಯವರೆಗೆ ಅವರ ಕಣ್ಣು ಗುರಿಯನ್ನು ಮಾತ್ರ ಕಂಡಿತ್ತು. ಅಂದು ಮೊದಲ ಬಾರಿ ಎದುರಿಗಿರುವುದು ಏನೆಂದು ನೋಡಿತು.

ಈ ನೋಟ ಇಂದಿಗೂ ಎಷ್ಟು ಅಗತ್ಯ! ಫ್ರಾನ್ಸ್ ದೇಶದಲ್ಲಿ ಬೇಟೆಯ ಕಾಲ ಬಂತೆಂದರೆ ಒಂದೇ ಕಾಡಿನಲ್ಲಿ ಕೋವಿ ಹಿಡಿದವರೂ ಇರುತ್ತಾರೆ, ಮಕ್ಕಳ ಕೈ ಹಿಡಿದು ತಿರುಗಾಡುವವರೂ ಇರುತ್ತಾರೆ. 2020ರ ಡಿಸೆಂಬರ್‌ನಲ್ಲಿ ಆ ದೇಶದ ನೈಋತ್ಯ ಭಾಗದಲ್ಲಿ, ತನ್ನ ಮನೆಯ ಬಳಿ ಸೌದೆ ಕಡಿಯುತ್ತಿದ್ದ ಯುವಕನೊಬ್ಬನನ್ನು ಬೇಟೆಗಾರನೊಬ್ಬ ಕಾಡುಹಂದಿಯೆಂದು ತಿಳಿದು ಗುಂಡು ಹಾರಿಸಿದ. ಯುವಕ ಸತ್ತ. ಭಾನುವಾರವಾದರೂ ಬೇಟೆ ನಿಲ್ಲಲಿ ಎಂದು ಅನೇಕರು ಕೇಳಿದರು. 2023ರ ಜನವರಿಯಲ್ಲಿ ಸರಕಾರ ಅದನ್ನು ಒಪ್ಪಲಿಲ್ಲ. ಆದರೆ ಕುಡಿದು ಬೇಟೆಯಾಡುವವರಿಗೆ ದಂಡ, ಬೇಟೆ ನಡೆಯುವ ಜಾಗವನ್ನು ಜನರಿಗೆ ತಿಳಿಸುವ ವ್ಯವಸ್ಥೆ ಮೊದಲಾದ ಕ್ರಮಗಳನ್ನು ಪ್ರಕಟಿಸಿತು.

ಕಾನೂನು ಬರುವುದು ಅಷ್ಟು ದೂರ. ಅಲ್ಲಿಂದಾಚೆಗೆ ಮನಸ್ಸಾಕ್ಷಿಯೇ ದಾರಿ ತೋರಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಸರಕಾರದ ಬೇಟೆಭೂಮಿಗಳಿವೆ. ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಅಲ್ಲಿಗೆ ಕಾಲಿಡುವವರು ಬೇಟೆಗಾರರಲ್ಲದಿದ್ದರೂ ಎದ್ದುಕಾಣುವ ಕಿತ್ತಳೆ ಬಣ್ಣದ ಬಟ್ಟೆ ತೊಡಬೇಕು. ಜಿಂಕೆಯ ಕಣ್ಣಿಗೆ ಆ ಕಿತ್ತಳೆ ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ. ಮನುಷ್ಯನಿಗೆ ಮನುಷ್ಯ ಕಾಣಲಿ ಎಂದೇ ಆ ಬಣ್ಣ. ವಿದೇಶದಲ್ಲಿರುವ ನಮ್ಮ ಮಕ್ಕಳು ಇಂಥ ನಿಯಮಗಳನ್ನು ಕೇಳಿ ತಿಳಿದುಕೊಂಡೇ ಕಾಡಿಗೆ ಹೋಗುವುದು ಒಳ್ಳೆಯದು.

ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಸಂತ ಪೌಲರು, ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪುಕೊಡಬಾರದು ಎಂದು ಬೋಧಿಸುತ್ತಾರೆ. ಬೇಟೆಗೆ ಅನುಮತಿಯಿರುವ ನಾಡುಗಳಿಗೆ ಈ ಬೋಧನೆ ಚೆನ್ನಾಗಿ ಒಪ್ಪುತ್ತದೆ. ಬೇಟೆಗಾರ ಕಾಲುದಾರಿಯ ಕಡೆಗೆ ಗುಂಡು ಹಾರಿಸದಿರಲಿ, ದಾರಿಹೋಕರು ಕಂಡಾಗ ಕೋವಿಯ ಬಾಯಿ ಬೇರೆಡೆಗೆ ತಿರುಗಿಸಲಿ. ತಿರುಗಾಡುವವನು ದಾರಿ ಬಿಟ್ಟು ಅಲೆಯದಿರಲಿ, ನಾಯಿಗೆ ಹಗ್ಗ ಹಾಕಲಿ, ಎದುರಿಗೆ ಬಂದವನನ್ನು ಕೊಲೆಗಾರನೆಂದು ಜರೆಯದೆ ನಮಸ್ಕಾರ ಹೇಳಲಿ. ವಿನಾಕಾರಣ ಪ್ರಾಣಿಗಳನ್ನು ನರಳಿಸುವುದು, ಕೊಲ್ಲುವುದು ಮಾನವ ಘನತೆಗೆ ವಿರುದ್ಧವೆಂಬ ಧರ್ಮಸಭೆಯ ಬೋಧನೆಯನ್ನು (ಧರ್ಮೋಪದೇಶ, ಸಂಖ್ಯೆ 2418) ಇಬ್ಬರೂ ನೆನೆಯಲಿ.

"ಅದು ನಮ್ಮ ಮಾತಲ್ಲವಲ್ಲ ಫಾದರ್, ಇಲ್ಲಿ ಬೇಟೆಯೇ ಇಲ್ಲವಲ್ಲ" ಎನ್ನುವಿರಾ? ನಿಜ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಮ್ಮಲ್ಲಿ ಬೇಟೆ ಅಪರಾಧ. ಆದರೂ ಹಂದಿಗೆಂದು ತೋಟದಂಚಿನಲ್ಲಿ ಉರುಳು ಕಟ್ಟುವ, ಬೇಲಿಯ ತಂತಿಗೆ ಕರೆಂಟು ಕೊಡುವ ಕೈಗಳು ನಮ್ಮ ಮಲೆನಾಡಿನಲ್ಲಿ ಇಲ್ಲವೆನ್ನಲಾದೀತೆ? ಕೋವಿಯ ಹಿಂದೆ ಒಂದು ಜೊತೆ ಕಣ್ಣಾದರೂ ಇರುತ್ತದೆ. ಉರುಳಿಗೆ ಕಣ್ಣಿಲ್ಲ. ಕತ್ತಲಲ್ಲಿ ಬಂದದ್ದು ಹಂದಿಯೋ, ನೆರೆಮನೆಯ ಹಸುವೋ, ದರಗು ಗುಡಿಸಲು ಬಂದ ತಾಯಿಯೋ ಎಂದು ತಂತಿ ಕೇಳುವುದಿಲ್ಲ.

"ಬೇಕೆಂದು ಮಾಡಿದ್ದಲ್ಲ" ಎಂಬ ಮಾತು ಆಗ ಬರುತ್ತದೆ. ವಿಮೋಚನಾಕಾಂಡದ 21ನೇ ಅಧ್ಯಾಯ ಈ ನೆಪವನ್ನು ಒಪ್ಪುವುದಿಲ್ಲ. ಗುಂಡಿ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ ಗುಂಡಿ ತೋಡಿದವನೇ ನಷ್ಟ ತುಂಬಬೇಕೆಂದು ಅಲ್ಲಿ ಕಟ್ಟಳೆಯಿದೆ. ಸುತ್ತಮುತ್ತ ನೋಡುವುದನ್ನೂ ಮುನ್ನೆಚ್ಚರಿಕೆಯನ್ನೂ ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳೆಂದೇ ಎಣಿಸಿದ್ದಾರೆ. ಕಾಣದೆ ಹೋದದ್ದು ಪಾಪವಲ್ಲದಿರಬಹುದು. ನೋಡಬೇಕಾದಾಗ ನೋಡದೆ ಇದ್ದದ್ದು ಪಾಪವೇ.

ಹಂದಿಯ ಕಾಟ ಸಣ್ಣದಲ್ಲ. ವರ್ಷದ ಬೆಳೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದ ರೈತನ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ದಾರಿಯಿದೆ. ಅರ್ಜಿ ಬರೆಯಲು ಬಾರದವರಿಗೆ ಧರ್ಮಕೇಂದ್ರದ ಯುವಜನರು ನೆರವಾಗಲಿ. ಸರದಿಯಂತೆ ಒಟ್ಟಾಗಿ ಕಾವಲು ಕಾಯೋಣ. ಆದರೆ ನಮ್ಮ ಅಡಿಕೆ, ಭತ್ತ ಉಳಿಸಲು ಇನ್ನೊಬ್ಬರ ಮನೆಯ ದೀಪ ಆರಿಸುವುದು ಬೇಡ.

ಈ ವಾರ ಮನೆಯವರೆಲ್ಲ ಸಂಜೆಯ ಜಪಸರಕ್ಕೆ ಕೂರುವ ಮುನ್ನ, ಮನೆಯ ಯಜಮಾನರು ಒಮ್ಮೆ ತೋಟದಂಚಿಗೆ ಹೋಗಿ ಬರಲಿ. ಕಟ್ಟಿದ ಉರುಳಿದ್ದರೆ ಬಿಚ್ಚಲಿ. ಆ ಬಿಚ್ಚಿದ ಕೈಗಳನ್ನು ಜೋಡಿಸಿ ಮಾಡುವ ಪ್ರಾರ್ಥನೆಯನ್ನು ಪ್ರಭು ಆಲಿಸದೆ ಇರುವರೇ?