ಹೊಲಕ್ಕೆ ಮೊದಲು ಹಸಿವಿನ ಅಳತೆ



ಗೃಹಸ್ಥನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ತನ್ನ ಸ್ವತ್ತಿಗೆ ತಾನೇ ಎಲ್ಲೆ ಕಟ್ಟಿಕೊಳ್ಳುವುದು ಅದರ ಸ್ವರೂಪ. ಎಲ್ಲೆ ಕಟ್ಟಬೇಕಾದ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಶಾಸ್ತ್ರಕಾರರು ಬೆಳ್ಳಿ ಬಂಗಾರಗಳಿಂದ ಆರಂಭಿಸಲಿಲ್ಲ. ‘ಕ್ಷೇತ್ರ’ದಿಂದ, ಎಂದರೆ ಹೊಲದಿಂದ, ಆರಂಭಿಸಿದರು. ಮನೆ, ಹಣ, ಧಾನ್ಯಗಳೆಲ್ಲವೂ ಅದರ ಅನಂತರ ಬರುತ್ತವೆ. ಈ ಅನುಕ್ರಮವನ್ನು ನಾವು ಇಂದು ವಿಶೇಷವಾಗಿ ಮನನ ಮಾಡಬೇಕಾಗಿದೆ. ಏಕೆಂದರೆ ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್‌ನಂತಹ ಕಡೆಗಳಲ್ಲಿ ಕಂಪನಿಗಳ ಕೆಲಸದಲ್ಲಿ ದಣಿದ ಅನೇಕ ಗೃಹಸ್ಥರ ಬಾಯಲ್ಲಿ ಒಂದು ಅಪೇಕ್ಷೆ ಕೇಳಿಬರುತ್ತಿದೆ: ಒಂದಿಷ್ಟು ಭೂಮಿ ಕೊಳ್ಳಬೇಕು, ಉಣ್ಣುವುದನ್ನು ನಾವೇ ಬೆಳೆಯಬೇಕು, ಯಾರ ಹಂಗೂ ಇಲ್ಲದೆ ಬಾಳಬೇಕು. ಈ ಅಪೇಕ್ಷೆ ವ್ರತಕ್ಕೆ ಅನುಕೂಲವೋ ಪ್ರತಿಕೂಲವೋ? ಹೆಚ್ಚು ಹಣವಿಲ್ಲದ ಗೃಹಸ್ಥನು ಇದನ್ನು ಸಾಧಿಸುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ವಿಚಾರ ಮಾಡೋಣ.

ಬೇಸಾಯವು ನಮಗೆ ಹೊರಗಿನದಲ್ಲ. ಭಗವಾನ್ ಋಷಭದೇವರು ಪ್ರಜೆಗಳಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಬೋಧಿಸಿದರೆಂದು ಪುರಾಣಗಳು ಸಾರುತ್ತವೆ. ಕೃಷಿಯನ್ನು ಕಲಿಸಿದ ಆ ಮಹಾಪುರುಷರೇ ದೀಕ್ಷೆಯ ಬಳಿಕ ದೀರ್ಘಕಾಲ ನಿರಾಹಾರರಾಗಿದ್ದು, ಹಸ್ತಿನಾಪುರದಲ್ಲಿ ಶ್ರೇಯಾಂಸನು ನೀಡಿದ ಕಬ್ಬಿನ ಹಾಲಿನಿಂದ ಪಾರಣೆ ಮಾಡಿದರು. ಆ ದಿನವನ್ನೇ ನಾವು ಅಕ್ಷಯ ತೃತೀಯೆಯೆಂದು ಆಚರಿಸುತ್ತೇವೆ. ಉಳುವ ವಿದ್ಯೆಯೂ ಉಪವಾಸದ ವಿದ್ಯೆಯೂ ಒಬ್ಬರಿಂದಲೇ ನಮಗೆ ಬಂದಿವೆ ಎಂಬುದನ್ನು ಮರೆಯಲಾಗದು. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಸೀಮೆಗಳಲ್ಲಿ ನಮ್ಮ ಸಮಾಜದ ಅಸಂಖ್ಯ ಕುಟುಂಬಗಳು ತಲೆತಲಾಂತರದಿಂದ ನೇಗಿಲನ್ನೇ ನಂಬಿ ಬಾಳಿವೆ.

ಆದರೂ ನೇಗಿಲ ಮೊನೆಗೆ ಸಿಲುಕುವ ಜೀವಗಳೆಷ್ಟು! ಭೂಮಿಯನ್ನು ಸೀಳಿ ಜೀವಿಸುವ ವೃತ್ತಿಯನ್ನು ಕೆಲವು ಆಚಾರ್ಯರು ವರ್ಜ್ಯ ವೃತ್ತಿಗಳಲ್ಲಿ ಎಣಿಸಿದ್ದುಂಟು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಸರ್ವಥಾ ಬಿಡಬೇಕೆಂದೂ, ಉದ್ಯೋಗದಲ್ಲಿ ಅನಿವಾರ್ಯವಾಗಿ ಒದಗುವುದನ್ನು ಎಚ್ಚರದಿಂದ ಕಡಮೆ ಮಾಡುತ್ತ ಹೋಗಬೇಕೆಂದೂ ನಮ್ಮ ಪರಂಪರೆ ಹೇಳಿದೆ. ಬೇಸಾಯದ ಹಿಂಸೆ ಉದ್ಯೋಗೀ ಹಿಂಸೆ. ಅದು ಕ್ಷಮ್ಯವಾಗುವುದು ಆವಶ್ಯಕತೆಯ ಮಟ್ಟಿಗೆ ಮಾತ್ರ. ಆದುದರಿಂದ ನಮಗೆ ಎಷ್ಟು ಆವಶ್ಯಕ ಎಂಬ ಪ್ರಶ್ನೆ ಬರಿಯ ಲೆಕ್ಕಾಚಾರದ್ದಲ್ಲ, ಅಹಿಂಸೆಯದೇ ಪ್ರಶ್ನೆ.

ಈಗ ವೈಟ್‌ಫೀಲ್ಡ್‌ನ ಇತಿಹಾಸವನ್ನೇ ನೋಡಿರಿ. ಗಾಜಿನ ಕಟ್ಟಡಗಳ ಈ ಊರು ಹುಟ್ಟಿದ್ದು ಸ್ವಾವಲಂಬಿ ಬೇಸಾಯದ ಕನಸಿನಿಂದಲೇ! 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಅನುಗ್ರಹಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಸರಕಾರಿ ನೌಕರಿಯನ್ನೇ ನಂಬಿದ್ದ ತಮ್ಮ ಜನರು ನೆಲವನ್ನು ನಂಬಿ ಸ್ವತಂತ್ರರಾಗಿ ಬಾಳಲೆಂಬುದು ಆ ಹಿರಿಯರ ಸದಾಶಯ. ಆದರೆ ಊರು ಬೇಸಾಯದ ಗ್ರಾಮವಾಗಿ ಬೆಳೆಯಲಿಲ್ಲ. ಕಾಲಕ್ರಮದಲ್ಲಿ ನಿವೃತ್ತರು ನೆಮ್ಮದಿಯಿಂದ ಕಾಲ ಕಳೆಯುವ ತೋಟದ ಮನೆಗಳ ಊರಾಯಿತು. 1990ರ ದಶಕದಲ್ಲಿ ಅಂತಾರಾಷ್ಟ್ರೀಯ ಟೆಕ್ ಪಾರ್ಕ್ ತಲೆಯೆತ್ತಿದ ಮೇಲೆ ಸುತ್ತಲಿನ ಹೊಲಗಳು ನಿವೇಶನಗಳಾದವು. 2023ರಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೂ ಬಂದಿತು. ಆ ಹಿರಿಯರ ಪ್ರಯತ್ನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವಿಸ್ತಾರವಾದ ಭೂಮಿ ದೊರೆತ ಮಾತ್ರಕ್ಕೆ ಸ್ವಾವಲಂಬನೆ ಸಿದ್ಧಿಸುವುದಿಲ್ಲ ಎಂಬ ಪಾಠವನ್ನಷ್ಟೆ ನಾವು ಗ್ರಹಿಸಬೇಕು.

ಇದೇ ಸೀಮೆಯ ಮತ್ತೊಂದು ಉದಾಹರಣೆಯನ್ನೂ ನೋಡಬಹುದು. ವೈಟ್‌ಫೀಲ್ಡ್‌ಗೆ ಸಮೀಪದ ವರ್ತೂರು ಕಡೆಯವರಾದ ಎಲ್. ನಾರಾಯಣ ರೆಡ್ಡಿಯವರು, ಬಳಿಕ ದೊಡ್ಡಬಳ್ಳಾಪುರದ ಬಳಿ ನೆಲೆಸಿ, 2019ರಲ್ಲಿ ನಿಧನರಾಗುವವರೆಗೂ ಸಾವಯವ ಬೇಸಾಯದ ಉಪದೇಶಕರಾಗಿ ನಾಡಿನಲ್ಲೆಲ್ಲ ಮಾನ್ಯರಾಗಿದ್ದರು. ಮೊದಲು ರಾಸಾಯನಿಕ ಗೊಬ್ಬರದಿಂದಲೇ ಬೆಳೆದ ಅವರು, ಇಳುವರಿ ಏರಿದಂತೆ ಖರ್ಚೂ ಏರುವುದನ್ನು ಕಂಡು ಮಾರ್ಗ ಬದಲಿಸಿದರು. ಹೊರಗಿನಿಂದ ಕೊಳ್ಳುವುದನ್ನು ಕಡಮೆ ಮಾಡಿಕೊಂಡ ರೈತನೇ ನಿಲ್ಲಬಲ್ಲನೆಂಬುದು ಅವರ ಜೀವನದ ಸಾರ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಭೋಗೋಪಭೋಗ ಪರಿಮಾಣ.

ಹೀಗಿರಲು ಅಲ್ಪ ಸಾಧನದ ಗೃಹಸ್ಥನು ಮೊದಲು ಅಳೆಯಬೇಕಾದುದು ಹೊಲವನ್ನಲ್ಲ, ತನ್ನ ಮನೆಯ ಹಸಿವನ್ನು. ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯವೆಂದರೆ ವರ್ಷಕ್ಕೆ 146 ಕಿಲೋ. ನಾಲ್ವರಿಗೆ ಸುಮಾರು 6 ಕ್ವಿಂಟಾಲು. ಬೆಂಗಳೂರು, ಕೋಲಾರ ಸೀಮೆಯ ಖುಷ್ಕಿ ಭೂಮಿಯಲ್ಲಿ ಮಳೆಯ ಆಸರೆಯಿಂದಲೇ ಎಕರೆಗೆ 8 ಕ್ವಿಂಟಾಲು ರಾಗಿ ಬಂದಿತೆಂದು ಇಟ್ಟುಕೊಂಡರೆ, 30 ಗುಂಟೆ ಸಾಕಾಯಿತು. ರಾಗಿಗೆ ಹುಳು ಹಿಡಿಯುವುದು ಅಪರೂಪ. ನಮ್ಮ ಪೂರ್ವಿಕರು ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದರು. ಧಾನ್ಯವನ್ನು ಆರಿಸಿ, ಜೀವವನ್ನು ಉಳಿಸಿ ಉಣ್ಣುವ ಮನೆಗೆ ಇದಕ್ಕಿಂತ ಒಪ್ಪುವ ಧಾನ್ಯ ಬೇರೆ ಯಾವುದು? ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಕಾಯುತ್ತದೆ. ಬೆಳೆ ಬೆರೆತಿರುವಲ್ಲಿ ಕೀಟದ ಬಾಧೆ ಮಿತಿಮೀರುವುದೂ ಕಡಮೆ. ವಿಷ ಸಿಂಪಡಿಸಿ ಸಾವಿರಾರು ಜೀವಗಳನ್ನು ಬುದ್ಧಿಪೂರ್ವಕವಾಗಿ ಕೊಲ್ಲುವ ಪ್ರಸಂಗವನ್ನೇ ತಪ್ಪಿಸುವ ಉಪಾಯವಿದು.

ನೆಲದೊಳಗಿನ ಗೆಡ್ಡೆಗಳನ್ನು ನಾವು ಉಣ್ಣುವುದಿಲ್ಲವಾದುದರಿಂದ ಅಡುಗೆಯ ತೋಟಕ್ಕೆ ಆಳವಾಗಿ ಅಗೆಯುವ ಅಗತ್ಯವೂ ಇಲ್ಲ. ಕುಂಬಳ, ಹೀರೆ, ಪಡವಲ, ಹಾಗಲ, ನುಗ್ಗೆ, ಬಾಳೆ, ಕರಿಬೇವುಗಳಿಗೆ ಒಂದು ಗುಂಟೆ ನೆಲ, ಮೇಲೆ ತರಗೆಲೆಯ ಹೊದಿಕೆ, ಮೂಲೆಯಲ್ಲೊಂದು ತಿಪ್ಪೆ, ಇಷ್ಟು ಸಾಕು. ಮಳೆಯಿಲ್ಲದ ದಿನ ಆ ಒಂದು ಗುಂಟೆಗೆ 300ರಿಂದ 400 ಲೀಟರು ನೀರು ಬೇಕಾದೀತು; ಸಾಬೂನಿನ ಬಳಕೆ ಮಿತವಾಗಿದ್ದರೆ ಸ್ನಾನದ, ಪಾತ್ರೆ ತೊಳೆದ ನೀರೇ ಅದರ ಬಹುಪಾಲನ್ನು ಪೂರೈಸುತ್ತದೆ.

ನೀರಿನ ವಿಷಯದಲ್ಲಿ ಅನೇಕರು ಎಡವುವುದು ಕೊಳವೆಬಾವಿಯಲ್ಲಿ. ಭೂಮಿಗೆ ಕೊಟ್ಟಷ್ಟೇ ಹಣವನ್ನು ಭೂಮಿಯ ಆಳಕ್ಕೂ ಸುರಿದು, ಸಾಲಗಾರರಾಗಿ, ಕೊನೆಗೆ ಹೊಲವನ್ನೇ ಮಾರಿದವರುಂಟು. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್, ವರ್ತೂರು ಕಡೆಯ ಬಹುಮಹಡಿ ಮನೆಗಳವರು ಟ್ಯಾಂಕರಿನ ಹಾದಿ ಕಾದುದನ್ನು ನಾವೆಲ್ಲ ಬಲ್ಲೆವು. ಮುಗಿಲಿನಿಂದ ಬೀಳುವ ನೀರಿನ ಲೆಕ್ಕವನ್ನು ಮೊದಲು ನೋಡಿರಿ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರು ಮಳೆ. 1,000 ಚದರಡಿಯ ಮಾಡಿನ ಮೇಲೆ ಬೀಳುವ ನೀರು 80,000 ಲೀಟರಿಗೂ ಹೆಚ್ಚು. ಕಾಲುಭಾಗ ನಷ್ಟವಾದರೂ 60,000 ಲೀಟರು ಉಳಿಯುತ್ತದೆ. ಕುಡಿಯಲು, ಅಡುಗೆಗೆ ತಲೆಗೆ ದಿನವೊಂದಕ್ಕೆ 10 ಲೀಟರಿನಂತೆ ನಾಲ್ವರಿಗೆ ವರ್ಷಕ್ಕೆ ಬೇಕಾದುದು 14,600 ಲೀಟರು. ಆವಶ್ಯಕತೆಯ ನಾಲ್ಕರಷ್ಟು ನಮ್ಮ ಮಾಡಿನ ಮೇಲೆಯೇ ಸುರಿದು ಹೋಗುತ್ತಿದೆ! ನೀರನ್ನು ಸೋಸಿ ಕುಡಿಯುವ ವ್ರತವುಳ್ಳ ನಾವು ಅದನ್ನು ಹಿಡಿದಿಡುವ ವ್ರತವನ್ನೂ ಕೈಕೊಳ್ಳಬೇಕು. ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದು, ತಗ್ಗಿನಲ್ಲಿ ಒಂದು ಕೃಷಿಹೊಂಡ, ಇವು ಮೊದಲ ವೆಚ್ಚವಾಗಲಿ.

ಇನ್ನು ಗೋವಿನ ವಿಚಾರ. ಹೊಲ ಕೊಂಡ ಕೂಡಲೆ ಹಸು ತರಬೇಕೆಂಬ ಉತ್ಸಾಹ ಸಹಜವೇ. ಆದರೆ ಹಾಲು ಬತ್ತಿದ ಹಸುವಿಗೆ ಮೇವೆಲ್ಲಿ? ಹುಟ್ಟುವ ಹೋರಿಗರು ಎಲ್ಲಿಗೆ ಹೋಗಬೇಕು? ಈ ಎರಡಕ್ಕೂ ಉತ್ತರವಿಲ್ಲದೆ ಹಸು ಕಟ್ಟಿದವನು ತಾನು ಕೊಲ್ಲದಿದ್ದರೂ ಕೊಲೆಯ ದಾರಿಯನ್ನು ತೆರೆದವನಾಗುತ್ತಾನೆ. ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳೆಂದು ಪೂರ್ವಾಚಾರ್ಯರು ಎಚ್ಚರಿಸಿರುವುದು ಇಂತಹ ಪ್ರಸಂಗಗಳಿಗಾಗಿಯೇ. ರಾಗಿ ಹುಲ್ಲು ಬಣವೆಯಲ್ಲಿ ವರ್ಷಕ್ಕಾಗುವಷ್ಟು ನಿಂತ ಮೇಲೆ, ಸಾಯುವವರೆಗೂ ಸಾಕುವೆವೆಂಬ ಸಂಕಲ್ಪದೊಡನೆ ಮಾತ್ರ ಹಸು ಬರಲಿ. ಅದುವರೆಗೆ ನೆರೆಯ ರೈತನಿಂದ ಗೊಬ್ಬರ ಕೊಂಡರೆ ಅವನಿಗೂ ಉಪಕಾರ.

ಹಣದ ಮಾತು. ವೈಟ್‌ಫೀಲ್ಡ್‌ನ ಆಸುಪಾಸಿನಲ್ಲಿ ಅಲ್ಪ ಹಣಕ್ಕೆ ಹೊಲ ಸಿಗುವ ಕಾಲ ಕಳೆದುಹೋಯಿತು. ಹೊಸಕೋಟೆ, ಮಾಲೂರುಗಳನ್ನು ದಾಟಿ ಹೋಗಬೇಕು. ಹಿಂದೆ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದವು; 2020ರ ತಿದ್ದುಪಡಿ ಆ ತಡೆಯನ್ನು ತೆಗೆಯಿತು. ಹೊರಗಿನ ಬೇಲಿ ಕಿತ್ತ ಮೇಲೆ ಒಳಗಿನ ಬೇಲಿಯೇ ಗತಿ. ಬೆಲೆ ಏರಲೆಂದು ಬೀಳುಬಿಟ್ಟ ಭೂಮಿ ಕ್ಷೇತ್ರವಲ್ಲ, ಗೋಪುರ ಕಟ್ಟಿದ ಲೋಭ. ಅದರಿಂದ ಉಳುವವನ ಬಾಯಿಂದಲೂ ತುತ್ತು ತಪ್ಪುತ್ತದೆ. ಸಾಲ ಮಾಡಿ ಹೊಲ ಕೊಳ್ಳುವವನು ಕಂತು ತೀರಿಸಲು ಅದೇ ನೌಕರಿಗೆ ಮತ್ತಷ್ಟು ಬಿಗಿಯಾಗಿ ಕಟ್ಟುಬೀಳುತ್ತಾನೆ. ಹೆಂಡತಿ ಮಕ್ಕಳ ನೆಮ್ಮದಿಯನ್ನೂ ಒತ್ತೆಯಿಡುತ್ತಾನೆ. ಕೊಳ್ಳಲಾಗದವನು ಮಿತ್ರರ ಹೊಲದಲ್ಲಿ ಅವರೊಡನೆ ಕೂಡಿ ದುಡಿಯಲಿ. 1910ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ಗಾಂಧೀಜಿಯವರು ನಡೆಸಿದ ಟಾಲ್‌ಸ್ಟಾಯ್ ಫಾರ್ಮಿನ ಭೂಮಿ ಅವರದಲ್ಲ, ಮಿತ್ರ ಕಾಲೆನ್‌ಬಾಕರದು. ಆಳುಗಳಿಲ್ಲದೆ ತಾವೇ ದುಡಿದು, ವ್ರತ ಉಪವಾಸಗಳನ್ನು ಆಚರಿಸುತ್ತ ಆ ಕುಟುಂಬಗಳು ಅಲ್ಲಿ ಬಾಳಿದವು. ಒಡೆತನವಿಲ್ಲದೆಯೂ ಸ್ವಾವಲಂಬನೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಹೊಲ ಎಷ್ಟು ದೊಡ್ಡದಿರಬೇಕು? ಇದಕ್ಕೆ ನಮ್ಮ ಪ್ರೋಷಧೋಪವಾಸವೇ ಅಳತೆಗೋಲು. ಅಷ್ಟಮಿ ಚತುರ್ದಶಿಗಳಂದು ಆಹಾರವನ್ನೂ ಆರಂಭಕಾರ್ಯವನ್ನೂ ಬಿಟ್ಟು ಧರ್ಮಧ್ಯಾನದಲ್ಲಿರಬೇಕೆಂಬುದು ವಿಧಿ. ತಿಂಗಳಿಗೆ ನಾಲ್ಕು ದಿನ, ಪಶುಗಳಿಗೆ ನೀರು ಮೇವು ಕಾಣಿಸುವ ದಯಾಕಾರ್ಯವೊಂದನ್ನುಳಿದು, ಹೊಲವನ್ನು ನಿಶ್ಚಿಂತೆಯಿಂದ ಬಿಟ್ಟಿರಬಲ್ಲೆವೆ? ಬಿಟ್ಟಿರಲಾಗದಿದ್ದರೆ ಹೊಲ ನಮ್ಮ ಅಳತೆಯನ್ನು ಮೀರಿತೆಂದೇ ತಿಳಿಯಬೇಕು. ಅದರಂತೆಯೇ ದಿಗ್ವ್ರತವು ದೂರವನ್ನು ಅಳೆಯುತ್ತದೆ. ವಾರಕ್ಕೊಮ್ಮೆ ಕಾರಿನಲ್ಲಿ ನೂರಾರು ಕಿಲೋಮೀಟರು ಓಡಿ ನೋಡಿಬರುವ ಹೊಲದಿಂದ ಉಣ್ಣುವುದಕ್ಕಿಂತ ಸುಡುವುದೇ ಹೆಚ್ಚು. ಉಪವಾಸವು ಮತ್ತೊಂದು ಸತ್ಯವನ್ನೂ ಕಲಿಸುತ್ತದೆ. ನಮ್ಮ ಖರ್ಚಿನಲ್ಲಿ ಹಸಿವಿನ ಪಾಲೆಷ್ಟು, ನಾಲಗೆಯ ಪಾಲೆಷ್ಟು, ನೆರೆಹೊರೆಯವರ ಕಣ್ಣಿಗಾಗಿ ಮಾಡುವ ಪಾಲೆಷ್ಟು ಎಂಬುದು ಅಂದು ಸ್ಪಷ್ಟವಾಗಿ ಗೋಚರಿಸುತ್ತದೆ. ಹೊಲದಿಂದ ತುಂಬಿಸಬಹುದಾದುದು ಮೊದಲನೆಯದನ್ನು ಮಾತ್ರ.

ಆದುದರಿಂದ ಶ್ರಾವಕ ಶ್ರಾವಿಕೆಯರಲ್ಲಿ ನಮ್ಮ ವಿನಂತಿ ಇಷ್ಟು. ಈ ಅಪೇಕ್ಷೆಯುಳ್ಳವರು ಭೂಮಿ ಹುಡುಕುವ ಮೊದಲು ಒಂದು ವರ್ಷದ ನಿಯಮ ಕೈಕೊಳ್ಳಲಿ. ಮನೆಗೆ ಬರುವ ಧಾನ್ಯ, ಬೇಳೆ, ಎಣ್ಣೆ, ತರಕಾರಿಗಳ ತೂಕವನ್ನು ಬರೆದಿಡಲಿ. ತಾರಸಿಯ ಮೇಲೆಯೋ ಹಿತ್ತಲಿನಲ್ಲಿಯೋ ಎರಡು ಬಗೆಯ ಕಾಯಿಪಲ್ಯವನ್ನಾದರೂ ಬಿತ್ತಿ ಬೆಳೆದು ನೋಡಲಿ. ಪರ್ವದಿನಗಳ ಉಪವಾಸವನ್ನು ಶಕ್ತ್ಯನುಸಾರ ಪಾಲಿಸಲಿ. ಅಶಕ್ತರು ಏಕಭುಕ್ತವನ್ನಾದರೂ ಮಾಡಲಿ. ವರ್ಷದ ಕೊನೆಗೆ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಇಷ್ಟೇ ಗುಂಟೆ, ಸಾಲವಿಲ್ಲದ ಇಷ್ಟೇ ಹಣ ಎಂದು ಬರೆದು, ಜಿನಬಿಂಬದ ಸಮ್ಮುಖದಲ್ಲಿ ಪರಿಮಾಣ ಮಾಡಲಿ. ಮನೆಯವಳ ಒಪ್ಪಿಗೆಯಿಲ್ಲದ ವ್ರತ ನಿಲ್ಲುವುದಿಲ್ಲ; ಏಕೆಂದರೆ ಆ ಬಾಳಿನ ಅರ್ಧ ದುಡಿಮೆ ಅವಳದು.

ಕೊನೆಯದಾಗಿ ಒಂದು ಮಾತು. ಉಪ್ಪು, ಕಬ್ಬಿಣ, ಬಟ್ಟೆ, ಔಷಧಗಳಿಗೆ ಯಾವ ಹೊಲದವನೂ ಪರರನ್ನು ಆಶ್ರಯಿಸಲೇಬೇಕು. ಸಂಪೂರ್ಣ ಸ್ವಾವಲಂಬಿಯಾದೆನೆಂಬುದು ಅಹಂಕಾರ. ಅತಿಥಿ ಸಂವಿಭಾಗವು ಹನ್ನೆರಡು ವ್ರತಗಳ ಕೊನೆಯಲ್ಲಿ ಬಂದಿರುವುದು ಅರ್ಥಪೂರ್ಣವಾಗಿದೆ. ಆರು ಕ್ವಿಂಟಾಲು ಸಾಕಾಗಿರುವಲ್ಲಿ ಎಂಟು ಬಂದರೆ, ಹೆಚ್ಚಿನ ಎರಡನ್ನು ಮತ್ತಷ್ಟು ಭೂಮಿ ಕೊಳ್ಳುವುದಕ್ಕೆ ಬಳಸದೆ, ತ್ಯಾಗಿಗಳಿಗೂ ಹಸಿದವರಿಗೂ ಬಿತ್ತನೆ ಇಲ್ಲದ ನೆರೆಯವನಿಗೂ ಹಂಚಿರಿ. ಹೀಗೆ ಮಾಡಿದಲ್ಲಿ 30 ಗುಂಟೆಯ ಹೊಲವೂ ಪರಿಗ್ರಹವಾಗದೆ ಧರ್ಮಸಾಧನವಾಗುತ್ತದೆ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.